ಹಳೆಯ ಕಂಪ್ಯೂಟರಿಗೆ ಹೊಸ ದನಿ

ಇಸ್ತ್ರಿಪೆಟ್ಟಿಗೆ ಕಾಯುವಾಗ ಬರುವ ವಾಸನೆ ನಿಮಗೆ ಗೊತ್ತಿರಬೇಕು. ಅಮೆರಿಕದ ಸಿಯಾಟಲ್ ಪಕ್ಕದ ಲಿನ್‌ವುಡ್ಡಿನ ನಮ್ಮ ಮನೆಯಲ್ಲಿ ಆ ವಾಸನೆ ಬಂದರೆ ಯಾರೂ ಬಟ್ಟೆ ಇಸ್ತ್ರಿ ಮಾಡುತ್ತಿಲ್ಲ, ನಾನು ನನ್ನ ಹಳೆಯ ಕಂಪ್ಯೂಟರ್ ಹಚ್ಚಿದ್ದೇನೆ ಎಂದು ತಿಳಿಯಬೇಕು. ಒಳಗಿನ ಧೂಳು ಬಿಸಿಯಾಗಿ, ಫ್ಯಾನು ಒಮ್ಮೆ ಕೆಮ್ಮಿ, ಅದು ಪೂರ್ತಿ ಏಳುವಷ್ಟರಲ್ಲಿ ನಾನು ಚಹಾ ಮಾಡಿಕೊಂಡು ಅರ್ಧ ಕುಡಿದೂ ಆಗಿರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ನನ್ನ ಸಂಗಾತಿ, ಅಂಥ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು ಕೂಡ. ಕೆಲಸದ ಲ್ಯಾಪ್‌ಟಾಪ್ ಹೊಸದು. ಆದರೆ ಗೋಡೆ ನಡುಗುವಂತೆ ಸದ್ದು ಮಾಡುತ್ತ ದಪ್ಪ ಹಾಳೆಯ ಮೇಲೆ ಚುಕ್ಕಿ ಒತ್ತುವ ನನ್ನ ಬ್ರೈಲ್ ಪ್ರಿಂಟರ್ ಹಳೆಯದು. ಅದೂ, ಅದರ ಕನ್ನಡ ಪ್ರೋಗ್ರಾಮೂ ಈ ಹಳೇ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಕನ್ನಡವನ್ನು ಅದರೊಳಗೇ, ಅದರದೇ ಹಳೇ ಫಾಂಟಿನಲ್ಲಿ ಟೈಪ್ ಮಾಡಬೇಕು. ಆ ಫಾಂಟು ಕನ್ನಡ ಅಕ್ಷರವನ್ನು ಚೂರು ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಡುತ್ತದೆ. ಟೈಪ್ ಮಾಡಿದ್ದನ್ನು ಓದು ಎಂದರೆ ಅದರ ಇಂಗ್ಲಿಷ್ ದನಿ ಮೂಗಿನಲ್ಲಿ ಎಬಿಸಿಡಿ ಉದುರಿಸುತ್ತಿತ್ತು. ಹಾಗಾಗಿ ತಪ್ಪು ನೋಡುವ ಕೆಲಸ ನನ್ನ ಗಂಡ ಮೋಹನ್ ಅವರದು. ಮೈಸೂರಿನವರು, ಬಹಳ ಒಳ್ಳೆಯವರು, ಸ್ವಲ್ಪ ಅವಸರದವರು. ಕುರ್ಚಿಯಲ್ಲಿ ಕೂರುವ ಮೊದಲೇ, "ಎಲ್ಲಾ ಸರಿಯಾಗಿದೆ ಕಣೇ, ಪ್ರಿಂಟ್ ಕೊಡು" ಅನ್ನುತ್ತಿದ್ದರು.

ಫೋನು ಕನ್ನಡ ಓದುತ್ತದಲ್ಲ, ಕಿವಿಗೆ ಹಾಕಿಕೊಂಡು ಕೇಳುತ್ತ ಹೇಳಬಹುದಲ್ಲ ಎಂದು ನೀವು ಕೇಳಬಹುದು. ನನ್ನ ಮಗಳೂ ಕೇಳುತ್ತಾಳೆ, ಇಂಗ್ಲಿಷಿನಲ್ಲಿ. ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ಒಪ್ಪಿಸುವುದು ಬೇರೆ, ಓದುವುದು ಬೇರೆ. ಅಕ್ಷರ ನನ್ನ ಬೆರಳಿಗೆ ತಾಗಬೇಕು. ಈ ವಿಷಯದಲ್ಲಿ ನಾನು ಮಹಾ ಹಟಮಾರಿ.

ನಮ್ಮ ಕನ್ನಡದವರೆಲ್ಲ ಯುಗಾದಿಗೆ ಹತ್ತಿರದ ಊರು ಶೋರ್‌ಲೈನಿನ ಒಂದು ಹಾಲಿನಲ್ಲಿ ಸೇರುತ್ತಾರೆ. ಅಲ್ಲಿ ಪಂಚಾಂಗ ಓದುವುದು ನನ್ನ ಪಾಲಿನ ಕೆಲಸ. ಭಕ್ತಿಗಿಂತ ಗಂಟಲು ದೊಡ್ಡದಿದೆ ಎಂಬ ಕಾರಣಕ್ಕೆ ಬಂದದ್ದು. ಹೋದ ವರ್ಷ ಅಲ್ಲಿಗೆ ಹೊರಡುವ ಹೊತ್ತಿಗೆ ಪ್ರಿಂಟರ್ ಕೊನೆಯ ಹಾಳೆ ಒತ್ತುತ್ತಿತ್ತು. ಬೆರಳಾಡಿಸಿ ನೋಡಲು ಪುರುಸೊತ್ತಾಗಲಿಲ್ಲ. ಮೋಹನ್ ನೋಡಿದ್ದಾರಲ್ಲ ಎಂದು ಹಾಳೆ ಎತ್ತಿಕೊಂಡು ಕಾರು ಹತ್ತಿದೆ.

ವೃಶ್ಚಿಕ ರಾಶಿಯ ಫಲ ಓದಿ ಮುಗಿಸಿ ಮುಂದೆ ಬೆರಳಿಟ್ಟರೆ ಮತ್ತೆ ವೃಶ್ಚಿಕ! ಟೈಪ್ ಮಾಡಿದ್ದನ್ನು ಒಂದೊಂದಾಗಿ ಜೋಡಿಸುವಾಗ ಅದು ಎರಡು ಸಲ ಬಂದು, ಧನು ರಾಶಿ ಪೂರ್ತಿ ಹಾರಿಹೋಗಿತ್ತು. "ನಮ್ದೆಲ್ಲಿ ಮೇಡಂ? ಈ ವರ್ಷ ನಮಗೆ ಭವಿಷ್ಯಾನೇ ಇಲ್ವಾ?" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಹಾಲೆಲ್ಲ ನಕ್ಕಿತು. ಮೋಹನ್ ಓಡಿ ಬಂದು ಮೈಕು ಹಿಡಿದು, ಫೋನು ನೋಡಿಕೊಂಡು ಉಳಿದದ್ದನ್ನು ಓದಿಬಿಟ್ಟರು. ಭಾರಿ ಚಪ್ಪಾಳೆ. ಊಟಕ್ಕೆ ಕೂತಾಗ ಹಿರಿಯರೊಬ್ಬರು ನನ್ನ ಬೆನ್ನು ಸವರಿ, "ಇಂಥ ಗಂಡ ಸಿಗ್ಬೇಕಂದ್ರೆ ಪುಣ್ಯ ಮಾಡಿರ್ಬೇಕಮ್ಮಾ" ಅಂದರು. ಮಾತು ಸುಳ್ಳಲ್ಲ. ಆದರೂ ಹೋಳಿಗೆಯನ್ನು ಬದಿಗೆ ಸರಿಸಿದೆ. ಮುಂದಿನ ಯುಗಾದಿಗೆ ಯಾರ ಕಣ್ಣೂ ಬೇಡ, ಮೊದಲಿನಿಂದ ಕೊನೆಯವರೆಗೆ ನಾನೇ ನೋಡಿ ನಾನೇ ಓದುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ.

ನಿರ್ಧಾರವೇನೋ ಸುಲಭ. ಹೊಸ ಕನ್ನಡ ದನಿಯನ್ನು ಆ ಕಂಪ್ಯೂಟರಿಗೆ ಹಾಕಲು ಹೋದರೆ, ಇದಕ್ಕೆ ಇನ್ನೂ ಹೊಸ ಸಿಸ್ಟಂ ಬೇಕು ಎಂದು ಬಾಗಿಲಲ್ಲೇ ತಡೆಯಿತು. ಎಷ್ಟು ಪೂಸಿ ಹೊಡೆದರೂ ಬಗ್ಗಲಿಲ್ಲ. ಆಗ ನೆನಪಾದದ್ದು ಧಾರವಾಡದಲ್ಲಿ ನಾನು ಕಂಪ್ಯೂಟರ್ ಕಲಿತ ಕೋಣೆ. ಆಗ ಕಂಪ್ಯೂಟರಿಗೆ ತನ್ನದೇ ಬಾಯಿ ಇರಲಿಲ್ಲ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ದಪ್ಪ ವೈರಿನಿಂದ ಜೋಡಿಸುತ್ತಿದ್ದರು. ಅಕ್ಷರ ಇಲ್ಲಿಂದ ಹೋಗುವುದು, ಮಾತು ಅಲ್ಲಿಂದ ಬರುವುದು. ನಮ್ಮ ಸರ್ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಮುಟ್ಟಿ ಬೈಸಿಕೊಂಡವಳು. ಅಂಥ ಪೆಟ್ಟಿಗೆಗಳು ಮೂಲೆ ಸೇರಿ ಯಾವ ಕಾಲವಾಯಿತೋ. ನನ್ನ ಹಳೇ ಕಂಪ್ಯೂಟರ್ ಮಾತ್ರ ಅದರ ಜೊತೆ ಮಾತಾಡುವುದನ್ನು ಮರೆತಿರಲಿಲ್ಲ.

ಅಂಗೈಯಲ್ಲಿ ಹಿಡಿಸುವ ಹೊಸ ಪುಟ್ಟ ಕಂಪ್ಯೂಟರ್ ತಂದು, ಹೊಸ ಕನ್ನಡ ದನಿಯನ್ನು ಅದರಲ್ಲಿ ಕೂರಿಸಿದೆ. ಆ ಹಳೇ ಪೆಟ್ಟಿಗೆಯ ಹಾಗೆ ನಟಿಸುವುದನ್ನು ಅದಕ್ಕೆ ಕಲಿಸಿದೆ. ಹಳೇ ಫಾಂಟಿನ ಚೂರುಗಳನ್ನು ಕೂಡಿಸಿ ಈಗಿನ ಕನ್ನಡ ಮಾಡುವ ಒಂದು ಪ್ರೋಗ್ರಾಮನ್ನೂ ಬರೆದೆ. ಎಷ್ಟೋ ಭಾನುವಾರ ಮನೆಯಲ್ಲಿ ಬರೀ ಮೊಸರನ್ನವಾಯಿತು. ಒತ್ತಕ್ಷರಗಳು ನನ್ನ ಜೀವ ಹಿಂಡಿದವು. ಕೊನೆಗೊಂದು ಮಧ್ಯಾಹ್ನ ವೈರು ಜೋಡಿಸಿ ಕೀ ಒತ್ತಿದರೆ, ಒಬ್ಬ ಹೆಣ್ಣುಮಗಳು ಸ್ವಚ್ಛವಾಗಿ "ಧನು ರಾಶಿ" ಅಂದಳು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಹೆಮ್ಮೆಯಾಯಿತು. ಇಲ್ಲಿ ಸುಮ್ಮನೆ ವಿನಯ ತೋರಿಸುವುದಿಲ್ಲ, ಬಹಳ ಹೆಮ್ಮೆಯಾಯಿತು. ಹಳೇ ಕಂಪ್ಯೂಟರ್ ಇವತ್ತಿಗೂ ತಾನು ಆ ಡಬ್ಬಿಯ ಜೊತೆಗೇ ಮಾತಾಡುತ್ತಿದ್ದೇನೆ ಎಂದುಕೊಂಡಿದೆ, ಪಾಪ.

ಈ ವರ್ಷದ ಯುಗಾದಿಯ ಹಾಳೆಗಳನ್ನು ಟೈಪ್ ಮಾಡಿದ್ದು, ಕೇಳಿ ತಿದ್ದಿದ್ದು, ಒತ್ತಿದ್ದು ಎಲ್ಲ ನಾನೇ. ಹಾಲಿನಲ್ಲಿ ನಿಂತು, ಈ ಸಲ ಮಳೆ ಹೇರಳ ಎಂದು ಓದಿದೆ. ವರ್ಷದ ಮುಕ್ಕಾಲು ಮಳೆಯಲ್ಲೇ ನೆನೆಯುವ ಸಿಯಾಟಲ್ಲಿನವರಿಗೆ ಇದನ್ನು ಪಂಚಾಂಗ ಹೇಳಬೇಕೇ? ಜನ ನಕ್ಕರು. ನಗು ಇಳಿಯಲಿ ಎಂದು ನಾನು ಓದು ನಿಲ್ಲಿಸಿದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಈ ಸಲವೂ ನಾನು ಸಿಕ್ಕಿಹಾಕಿಕೊಂಡೆ ಎಂದುಕೊಂಡು ಮೋಹನ್ ಎದ್ದಿದ್ದರು. ಮೈಕಿನಲ್ಲೇ ಹೇಳಿದೆ:

"ನೀವು ಕೂಡ್ರಿ. ನಾ ಓದ್ಲಿಕ್ಕತ್ತೀನಲ್ಲಾ."

ಅವರು ಕೂತರು. ಮೀನ ರಾಶಿಯವರೆಗೂ ಬೆರಳು ಎಲ್ಲೂ ಎಡವಲಿಲ್ಲ.

ಇವತ್ತು ಬೆಳಿಗ್ಗೆ ಈ ಬರಹವನ್ನು ಇಲ್ಲಿಯವರೆಗೆ ಟೈಪ್ ಮಾಡಿ, ಕೇಳಿ, ಹಾಳೆ ಒತ್ತಿಸಿಕೊಂಡು ಕೂತಿದ್ದೆ. ಮೋಹನ್ ಕಾರಿನ ಕೀ ಕುಣಿಸುತ್ತ ಬಂದರು.

"ಏನೋ ಬರ್ದಿದೀಯ. ಚೆಕ್ ಮಾಡ್ಲಾ?"

"ಬ್ಯಾಡ್ರಿ."

ಅವರು ಹೋಗಲಿಲ್ಲ. ಕೀ ಸದ್ದು ನಿಂತಿತು.

"ಸರಿ, ಹಾಗಾದ್ರೆ ಓದು. ಕೇಳ್ತೀನಿ."

ಇಷ್ಟು ವರ್ಷ ನನ್ನ ಹಾಳೆಗಳಲ್ಲಿ ತಪ್ಪು ಹುಡುಕಲು ಬರುತ್ತಿದ್ದವರು ಸುಮ್ಮನೆ ಕೇಳಲೆಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಈಸ್ಟ್‌ಗೇಟಿನ ತಮ್ಮ ಆಫೀಸಿಗೆ ತಡವಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.