ಕತೆಗೆಂದು ನಾನು ಸೇರಿಸಿದ ಬಡಿತ

ಇಲ್ಲದ್ದು ಇದ್ದಂತೆ ಕೇಳಿಸುವುದೆಲ್ಲ ದಣಿದ ಮನಸ್ಸಿನ ಆಟವೆಂದು ಬಹಳ ಕಾಲ ವಾದಿಸಿದವಳು ನಾನು. ಈಗ ವಾದಿಸುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ.

ಸ್ಕಾರ್‌ಬರೋದ ನಮ್ಮ ಹೈಸ್ಕೂಲಿನಲ್ಲಿ ಗುಂಡು ಹಾರಿದ ದಿನ ನಾನೂ ನನಗಿಂತ ಒಂದು ತರಗತಿ ಕೆಳಗಿದ್ದ ಶ್ವೇತಾಳೂ ಡ್ರಾಯಿಂಗ್ ಸಾಮಾನಿಡುವ ಕೋಣೆಯಲ್ಲಿ ಅವಿತಿದ್ದೆವು. ಲಾಕ್‌ಡೌನ್ ಅಂದರೆ ಯಾರು ಬಡಿದರೂ ಬಾಗಿಲು ತೆಗೆಯಬಾರದು. ಪ್ರತಿವರ್ಷ ಅಭ್ಯಾಸ ಮಾಡಿಸಿದ್ದ ನಿಯಮ. ಹೊರಗೆ ಕಾರಿಡಾರಿನಲ್ಲಿ ನನ್ನ ತರಗತಿಯ ನದಿಯಾ ಸತ್ತಳು.

ವರ್ಷಗಳ ನಂತರ ಪತ್ರಿಕೆಯೊಂದಕ್ಕೆ ಅದರ ಬಗ್ಗೆ ಬರೆದೆ. ನನ್ನ ನೆನಪನ್ನಷ್ಟೇ ನೆಚ್ಚದೆ ಶ್ವೇತಾಳ ಮಾತನ್ನೂ ರೆಕಾರ್ಡ್ ಮಾಡಿಕೊಂಡೆ. ನಮ್ಮ ಬಾಗಿಲ ಹತ್ತಿರ ಯಾರೂ ಬರಲಿಲ್ಲ ಎಂದಳು. ನನಗೂ ಹಾಗೇ ನೆನಪಿತ್ತು, ಹಾಗೇ ಅಚ್ಚಾಯಿತು. ಓದಿದ ನದಿಯಾಳ ಅಮ್ಮ ಫೋನ್ ಮಾಡಿ ಅತ್ತರು. ಮಗಳು ಸಹಾಯಕ್ಕೆ ಅಲೆಯಲಿಲ್ಲ, ಎಲ್ಲ ಕ್ಷಣದಲ್ಲಿ ಮುಗಿಯಿತು ಎಂಬುದೇ ಅವರಿಗೆ ದೊಡ್ಡ ಸಮಾಧಾನ.

ಆಮೇಲೆ ಕನ್ನಡ ಸಂಘದ ಸಂಚಿಕೆಗೆ ಅದನ್ನೇ ಕತೆ ಮಾಡಲು ಕೂತೆ. ಏನೋ ಸಾಲದೆನಿಸಿ ಒಂದು ಬಡಿತ ಸೇರಿಸಿದೆ: ಬಾಗಿಲಾಚೆ ಒಬ್ಬಳು ಮೆಲ್ಲಗೆ ತಟ್ಟಿ ‘ಚಿನ್ನೀ’ ಎಂದು ಕರೆಯುತ್ತಾಳೆ. ಅಮ್ಮ ನನ್ನನ್ನು ಮನೆಯಲ್ಲಿ ಕರೆಯುವ ಹೆಸರು ಅದು. ಕತೆಯನ್ನು ಯಾರಿಗೂ ತೋರಿಸಿರಲಿಲ್ಲ.

ಆ ವಾರವೇ ಶ್ವೇತಾ ಊಟಕ್ಕೆ ಬಂದಳು. ಈ ಪರದೇಶದಲ್ಲೇ ಹುಟ್ಟಿದವಳು, ಕನ್ನಡ ಓದಲು ಬಾರದು. ಕೋಳಿ ಸಾರು ಬಡಿಸಿಕೊಳ್ಳುತ್ತಾ ಕೇಳಿದಳು: “ಅಕ್ಕಾ, ಆ ದಿನ ಡೋರ್ ನಾಕ್ ಮಾಡಿ ಯಾರೋ ನಿನ್ನ ಚಿನ್ನೀ ಅಂತ ಕರೀತಾ ಇದ್ರಲ್ಲ, ಹೂ ವಾಸ್ ದಟ್?”

ಹಳೆಯ ರೆಕಾರ್ಡಿಂಗ್ ಹಾಕಿದೆ. ಅವಳದೇ ದನಿ: ಯಾರೂ ಬರಲಿಲ್ಲ.

“ವಾಯ್ಸ್ ನಂದೇ ಅಕ್ಕಾ. ಬಟ್ ನಂಗೆ ಆ ನಾಕ್ ಕೇಳಿಸಿದ್ದು ಹೌದು. ನೀನು ನನ್ನ ಬಾಯಿ ಮುಚ್ಚಿದ್ದೆ.”

ಬಾಯಿ ಮುಚ್ಚಿದ್ದು ನನ್ನ ಕತೆಯಲ್ಲೂ ಇರಲಿಲ್ಲ.

ತಟ್ಟೆ ಎತ್ತುತ್ತಿದ್ದ ಅಮ್ಮ ನಿಂತರು. “ಆ ದಿನ ಹೊರಗೆ ತೀರಿಹೋದ ನದಿಯಾ ಅಂದ್ರೆ ಆ ಉದ್ದ ಜಡೆಯ ಹುಡುಗಿಯಲ್ವಾ? ಪ್ರಾಜೆಕ್ಟ್ ಅಂತ ಒಮ್ಮೆ ಮನೆಗೆ ಬಂದಿದ್ಲಲ್ಲ. ನಾನು ಕರೆದ ಹಾಗೇ ನಿನ್ನನ್ನು ಕರೆದು ತಮಾಷೆ ಮಾಡ್ತಿದ್ಲು ಮಾರಾಯ್ತಿ.”

ಶ್ವೇತಾಳಿಗೆ ಆ ಹೆಸರು ನಮ್ಮ ಮನೆಯಲ್ಲೇ ಕೇಳಿ ಗೊತ್ತಿರಬಹುದು. ಅಮ್ಮ ಬೇರೆ ಯಾರನ್ನೋ ನದಿಯಾ ಎಂದುಕೊಂಡಿರಬಹುದು. ಅವಳು ನಮ್ಮ ಮನೆಗೆ ಬಂದದ್ದು ನನಗಂತೂ ಒಂದಿಷ್ಟೂ ನೆನಪಿಲ್ಲ.

ಸಂಚಿಕೆಯವರು ಕತೆ ಕಳಿಸೆಂದು ಕೇಳಿ ಕೇಳಿ ಕೈಬಿಟ್ಟರು. ಆ ಬಡಿತವನ್ನು ಕತೆಯಿಂದ ಅಳಿಸಬೇಕೋ, ಪತ್ರಿಕೆಗೆ ತಿದ್ದುಪಡಿ ಕಳಿಸಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ನದಿಯಾಳ ಅಮ್ಮ ಈಗಲೂ ಆ ಪತ್ರಿಕೆ ಓದುತ್ತಾರೆ.