ಎಡಗಡೆ ಬಿದ್ದ ಹೂವು

೧೯೯೬ರ ಶ್ರಾವಣದ ಒಂದು ಸೋಮವಾರ, ಸಂಜೆ ಐದೂ ಮುಕ್ಕಾಲು. ಪಾಂಡವಪುರದ ಬಸ್ಸು ಚಿನಕುರಳಿಯಲ್ಲಿ ನಿಂತಿತು. ಬಿ.ಎಸ್ಸಿ. ಓದುತ್ತಿದ್ದ ನನ್ನ ತಂಗಿ ಸುಧಾ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು.

"ಏನವ್ವ, ಇಳಿಯಕ್ಕೂ ಮುಹೂರ್ತ ನೋಡ್ಬೇಕಾ?" ಎಂದ ಕಂಡಕ್ಟರು.

ಅವಳು ನಕ್ಕಳು. ಬಲಗಾಲು ಊರಿದವಳೇ ಚೀರಿ ನನ್ನ ಮೇಲೆ ಕುಸಿದಳು. ಆ ಚೀತ್ಕಾರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಂಡಿಯ ಊತವನ್ನು ಉಳುಕು ಎಂದುಕೊಂಡಿದ್ದೆವು. ಮೈಸೂರಿನ ವೈದ್ಯರು ಎಕ್ಸ್‌ರೇ ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ತಿಳಿಯಿತು: ಮೂಳೆಯ ಕ್ಯಾನ್ಸರ್, ಶ್ವಾಸಕೋಶದಲ್ಲೂ ಚುಕ್ಕೆಗಳಿವೆ.

ಕಾಲು ತೆಗೆಯಬೇಕು, ಔಷಧಿ ಕೊಡಬೇಕು ಎಂದ ಡಾಕ್ಟರು ಇನ್ನೊಂದು ಮಾತು ಹೇಳಿದರು. ಅವಳ ರಕ್ತದಿಂದಲೇ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬಲಪಡಿಸಿ, ಮತ್ತೆ ಅವಳಿಗೇ ಏರಿಸುವ ಚಿಕಿತ್ಸೆ. "ಇನ್ನೂ ಪರೀಕ್ಷೆಯಲ್ಲಿದೆ. ಭರವಸೆ ಕೊಡಲಾರೆ. ಆದರೆ ತಡ ಮಾಡಬೇಡಿ" ಎಂದರು.

ತಂದೆ ತೀರಿಹೋದ ಮೇಲೆ ಮನೆಯಲ್ಲಿ ಅವ್ವ, ನಾನು, ಸುಧಾ ಮೂವರೇ. "ತಾಯೀನ ಕೇಳ್ದೆ ಒಂದೆಜ್ಜೆ ಇಡಕಿಲ್ಲ" ಎಂದಳು ಅವ್ವ.

ನಮ್ಮೂರ ಹಿರಿಯಮ್ಮನ ಗುಡಿಯಲ್ಲಿ ಹೂ ಕೇಳುತ್ತೇವೆ. ನೀರಲ್ಲಿ ಅದ್ದಿದ ಹೂವನ್ನು ತಾಯಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಂಡು ಕಾಯಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಶುಕ್ರವಾರ ಅವ್ವ ಕೈಮುಗಿದು ನಿಂತಳು. ಎಡಗಡೆಯ ಹೂ ಬಿತ್ತು.

"ಇಲ್ಲ ಅಂದ್ಬುಟ್ಳು" ಎಂದು ಅವ್ವ ಅಲ್ಲೇ ಕುಳಿತಳು. ಸೋಮವಾರ ಬೆಂಗಳೂರಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಓದಿದವಳಾದ ನನಗೂ ಆ ಹೂವನ್ನು ಮೀರುವ ಧೈರ್ಯ ಬರಲಿಲ್ಲ. ಕಣ್ಣೆದುರೇ ಊತ ಬೆಳೆಯುತ್ತಿತ್ತು. ಇನ್ನು ಮುಗಿಯಿತು ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದ ಸುಧಾ ತಟ್ಟನೆ ಕೇಳಿದಳು: "ಅವ್ವ, ತಾಯೀನ ಏನಂತ ಕೇಳ್ದೆ ನೀನು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಇನ್ನೇನ್ ಕೇಳ್ಲವ್ವ? ನನ್ ಮಗಳ ಕಾಲು ಉಳೀತದಾ ಅಂತ ಕೇಳ್ದೆ."

ಆಸ್ಪತ್ರೆಗೆ ಹೋಗಬಹುದೇ ಎಂದು ಅವಳು ಕೇಳಿರಲೇ ಇಲ್ಲ!

ಸುಧಾ ಗೋಡೆ ಹಿಡಿದು ಎದ್ದಳು. "ಕಾಲು ಉಳಿಯಕಿಲ್ಲ ಅಂದವ್ಳೆ. ನಾನು ಉಳಿಯಕಿಲ್ಲ ಅಂತ ಎಲ್ಲಂದವ್ಳೆ? ಅಕ್ಕ, ಬಟ್ಟೆ ಜೋಡ್ಸೆ. ನಾಳೆ ಮೊದಲ್ನೇ ಬಸ್ಸಿಗೆ ಓಗಾನ."

ಆ ಮಾತನ್ನು ಅವಳ ಬಾಯಿಂದ ಆಡಿಸಿದವಳು ತಾಯಿಯೇ ಎಂದು ನಾನು ನಂಬುತ್ತೇನೆ.

ಕಾಲು ಹೋಯಿತು. ಔಷಧಿಯಿಂದ ಕೂದಲೂ ಉದುರಿತು. "ಬಾಚಣಿಗೆ ನೀನೇ ಮಡಿಕಳೆ" ಎಂದು ನನ್ನನ್ನು ಅಣಕಿಸಿದಳು. ಕೊನೆಗೆ ಬಲಪಡಿಸಿದ ಆ ಬಿಳಿ ಕಣಗಳನ್ನು ಏರಿಸಿದ ದಿನ ಮಧ್ಯಾಹ್ನಕ್ಕೇ ಚಳಿಜ್ವರ ಹತ್ತಿತು. ಮಂಚವೇ ಅಲುಗುತ್ತಿತ್ತು. ರಕ್ತದೊತ್ತಡ ಇಳಿಯಿತು, ನರ್ಸುಗಳು ಓಡಿದರು.

"ನನ್ ಕಡೆಯವ್ರೇ ನನ್ನ ಒಡೀತಾವ್ರೆ ಕಣೆ" ಎಂದು ಹಲ್ಲು ಕಟಕಟಿಸುತ್ತಲೇ ನಗಲು ನೋಡಿದಳು. ಆಮೇಲೆ ಮಾತು ನಿಂತಿತು.

ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು, ತಾಯೀ, ನಾನು ಹೂ ಕೇಳುವುದಿಲ್ಲ, ಅವಳನ್ನು ಕೊಡು ಎಂದಷ್ಟೇ ಬೇಡಿದೆ. ಬೇರೆ ಪ್ರಾರ್ಥನೆ ನೆನಪಾಗಲಿಲ್ಲ. ಅವ್ವ ಮಂಚದ ಕಾಲು ಬಿಡದೆ ಹಿಡಿದು ಕೂತಿದ್ದಳು. ಬೆಳಗ್ಗೆ ಬಂದ ಡಾಕ್ಟರು ಸುಧಾಳ ಹಣೆ ಮುಟ್ಟಿ, "ಬೆವರಿದ್ದಾಳೆ, ಒಳ್ಳೆಯದು" ಎಂದಾಗ ಅವ್ವ ಅವರ ಕಾಲಿಗೇ ಬಿದ್ದಳು.

ಮುಂದಿನ ಪರೀಕ್ಷೆಗಳಲ್ಲಿ ಚುಕ್ಕೆಗಳು ಕುಗ್ಗುತ್ತ ಬಂದವು. ಮರುವರ್ಷದ ಕಾರ್ತಿಕದಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಈಗ ಏನೂ ಕಾಣುತ್ತಿಲ್ಲ" ಎಂದರು. ಔಷಧಿಯಿಂದಲೋ, ಆ ಕಣಗಳಿಂದಲೋ ಎಂದು ಕೇಳಿದೆ. "ನಮಗೂ ಖಚಿತವಾಗಿ ಗೊತ್ತಿಲ್ಲಮ್ಮ" ಎಂದರು ಆ ಪ್ರಾಮಾಣಿಕರು. ಅವರ ಕೈಯನ್ನು ನಡೆಸಿದವಳು ಯಾರೆಂದು ನನಗೆ ಗೊತ್ತು. ನನ್ನ ಅನುಭವ ಓದುವ ಭಕ್ತರಿಗೆ ಒಂದೇ ವಿನಂತಿ: ತಾಯಿಯನ್ನು ಧಾರಾಳವಾಗಿ ಕೇಳಿ, ಆಸ್ಪತ್ರೆಯ ಬಸ್ಸನ್ನು ಮಾತ್ರ ತಪ್ಪಿಸಬೇಡಿ.

ಅಂದು ಸಂಜೆ ಊರಿಗೆ ಬಂದು, ಗುಡಿಯಲ್ಲಿ ದೀಪ ಹಚ್ಚಿ, ಬಿಸಿ ಮುದ್ದೆ ಉಂಡು ಮೂವರೂ ಒಂದೇ ಚಾಪೆಯಲ್ಲಿ ಮಲಗಿದೆವು. ವರ್ಷದಿಂದ ರಾತ್ರಿ ಎದ್ದೆದ್ದು ಸುಧಾಳ ಉಸಿರು ನೋಡುತ್ತಿದ್ದ ನಾವು ಅಂದು ಯಾರೂ ಏಳಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಡೈರಿಗೆ ಹಾಲು ಹಾಕುವ ಹೊತ್ತು ಮೀರಿ, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಅವ್ವ ಇನ್ನೂ ಗೊರಕೆ ಹೊಡೆಯುತ್ತಿದ್ದಳು.