ವಿಭೂತಿ ಹಚ್ಚಿಸಿಕೊಂಡ ಕಂಪ್ಯೂಟರ್

ಮೂರು ವಿಭೂತಿ ಪಟ್ಟೆಗಳಲ್ಲಿ ನಡುವಿನದು ಕ್ಯಾಬಿನೆಟ್ಟಿನ ಗಾಳಿಕಿಂಡಿಗಳ ಮೇಲೆ ಹಾದುಹೋಗಿ, ಪ್ರತಿ ಕಿಂಡಿಯಲ್ಲೂ ಒಂದಿಷ್ಟು ಬೂದಿ ಕೂತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಪರದೆ ಮಾತ್ರ ಕಪ್ಪಗಿತ್ತು. ಮೇಲ್ತುದಿಯಲ್ಲಿ, ಬೂಟ್ ಆಗಬಲ್ಲ ಡಿಸ್ಕ್ ಸಿಗಲಿಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಸಾಲು.

ಹಿಂದಿನ ಸಂಜೆ ಬಿಡಿಭಾಗಗಳನ್ನು ನಾನೇ ಜೋಡಿಸಿದ್ದೆ. ಪೆನ್‌ಡ್ರೈವ್‌ನಿಂದ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದು ಸರಿಯಾಗಿ ಶುರುವಾದದ್ದನ್ನು ನೋಡಿ, ಆ ಪೆನ್‌ಡ್ರೈವನ್ನು ತೆಗೆದು ಬೀರುವಿನಲ್ಲಿಟ್ಟಿದ್ದೆ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಮನೆಯವರು ಪೂಜೆ ಮುಗಿಸಿದ್ದರು. ನಮ್ಮದು ಆಂಧ್ರದ ಆದೋನಿಯಲ್ಲಿ ಹತ್ತಿ ವ್ಯಾಪಾರದ ಮನೆ. ಹತ್ತಿ ತೂಗುವ ತಕ್ಕಡಿಯಿಂದ ಮಿಕ್ಸಿಯವರೆಗೆ, ವಿಭೂತಿ ಹಚ್ಚಿಸಿಕೊಳ್ಳದೆ ಇಲ್ಲಿ ಯಾವುದೂ ಕೆಲಸಕ್ಕೆ ಸೇರುವಂತಿಲ್ಲ. ಕ್ಯಾಬಿನೆಟ್ಟಿನ ಹಿಂಬದಿಗೆ ದಪ್ಪನೆಯ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಸಂಜೆ ದೀಪ ಹಚ್ಚುವವರೆಗೆ ಅದನ್ನು ಮುಟ್ಟಬಾರದೆಂದು ಅಪ್ಪಣೆಯಾಗಿತ್ತು.

ಎಂ.ಎಸ್ಸಿ ಮುಗಿಸಿ ಬಂದ ಮೇಲೆ ನಾನು ಪಡಸಾಲೆಯಲ್ಲಿ, ಬಂದವರೆಲ್ಲ ದಾಟಿಕೊಂಡು ಹೋಗುವ ಜಾಗದಲ್ಲಿ ಬದುಕುತ್ತಿದ್ದೆ. ಮಹಡಿಯ ಕೋಣೆ ಹತ್ತಿಯ ಸ್ಯಾಂಪಲ್ ಗಂಟುಗಳದಾಗಿತ್ತು. ಆನ್‌ಲೈನಿನಲ್ಲಿ ಪಾಠ ಹೇಳುತ್ತೇನೆ, ಕಂಪ್ಯೂಟರಿಗೆ ಧೂಳಿಲ್ಲದ ಜಾಗ ಬೇಕು ಎಂದು ವಾದಿಸಿ ಅದನ್ನು ಪಡೆದಿದ್ದೆ. ನಿಜಕ್ಕೂ ಬೇಕಾಗಿದ್ದದ್ದು ಕೋಣೆ. ಚಿಕ್ಕಪ್ಪನಿಗೆ ಅದು ಗೊತ್ತಿತ್ತು.

“ಇವತ್ತು ಚಾಲೂ ಆದ್ರ ಕೋಣಿ ನಿಂದು,” ಎಂದು ಬಾಗಿಲಲ್ಲಿ ನಿಂತು ಹೇಳಿದ. “ಇಲ್ಲಂದ್ರ ನಾಳೆ ಗಂಟು ಮ್ಯಾಲೆ ಬರ್ತಾವ. ಹತ್ತಿ ಏನು ಬೂಟ್ ಆಗಬೇಕಿಲ್ಲಲ್ಲ.”

ಪಕ್ಕದ ಮುಚ್ಚಳ ಬಿಚ್ಚಿ ಬೂದಿ ಒರೆಸಿದೆ. ರ‍್ಯಾಮ್ ತೆಗೆದು ಮತ್ತೆ ಕೂರಿಸಿದೆ, ಡಿಸ್ಕಿನ ವೈರು ಬದಲಿಸಿದೆ. ಅದೇ ಸಾಲು. ಅಷ್ಟರಲ್ಲಿ ಸಲಹೆಗಾರರು ಮೆಟ್ಟಿಲು ಹತ್ತತೊಡಗಿದ್ದರು. ಕೊಂಡದ್ದು ರಾಹುಕಾಲದಲ್ಲಿ ಎಂದು ಅಪ್ಪ ಲೆಕ್ಕ ಹಾಕಿ ಹೇಳಿದರು. ಎಮ್ಮಿಗನೂರಿನಿಂದ ಬಂದಿದ್ದ ಅತ್ತೆ, ತಮ್ಮ ಫ್ರಿಜ್ಜೂ ಹೀಗೇ ಹಟ ಮಾಡಿತ್ತು, ನಿಂಬೆಹಣ್ಣು ಕಟ್ಟಿದ ಮೇಲೆ ಸರಿಹೋಯಿತು ಎಂದರು. ಅದೇ ದಿನ ಕಂಪ್ರೆಸರ್ ಬದಲಿಸಿದ್ದು ಆಮೇಲೆ ಬೇರೆ ಮಾತಿನ ನಡುವೆ ಹೊರಬಿತ್ತು. ಅಂಗಡಿಯವನು ಫೋನಿನಲ್ಲಿ, ಕರೆಂಟು ಇದೆಯೇ ಎಂದು ತೆಲುಗಿನಲ್ಲಿ ಕೇಳಿದ. ಇದೆ ಎಂದೆ. ಹಾಗಿದ್ದರೆ ಬೋರ್ಡೇ ಹೋಗಿರಬೇಕು ಎಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದ ಮೇಲೆ ಅಜ್ಜಿ ಬಂದು ಕುರ್ಚಿಯಲ್ಲಿ ಕೂತಳು. ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದಳು.

“ಅಲ್ಲವ್ವಾ, ಇದು ಇನ್ನಾ ಯಾಕ ಹಾಡವಲ್ದು?”

“ಏನು ಹಾಡಬೇಕಿತ್ತಜ್ಜಿ?”

“ಹೊಸಾದು ಮೊದ್ಲು ಶಿವನ ದನೀನ ತೆಗೀಬೇಕು. ಅದಕ್ಕ ಪೂಜಿ ಹೊತ್ತಿಗೆ ನನ್ನ ಹಾಡಿನ ಕಡ್ಡಿ ಹಿಂದ ಚುಚ್ಚೀನಿ.”

ಅಪ್ಪಣೆ ಮೀರಿ ಹಾರ ಸರಿಸಿದೆ. ಕೀಬೋರ್ಡಿನ ವೈರಿನ ಪಕ್ಕದಲ್ಲಿ, ಕುಂಕುಮ ಹಚ್ಚಿದ ಪೆನ್‌ಡ್ರೈವ್. ಇನ್‌ಸ್ಟಾಲ್ ಮಾಡುವಾಗ, ಮೊದಲು ಪೆನ್‌ಡ್ರೈವ್ ನೋಡು, ಡಿಸ್ಕು ಆಮೇಲೆ ಎಂದು ಯಂತ್ರಕ್ಕೆ ನಾನೇ ಹೇಳಿದ್ದೆ. ಅದು ವಿಧೇಯವಾಗಿ ನೋಡುತ್ತಿತ್ತು, ಬರೀ ಶಿವಸ್ತುತಿ ಕಂಡು ಅಲ್ಲೇ ನಿಂತುಬಿಡುತ್ತಿತ್ತು. ಡಿಸ್ಕಿನವರೆಗೆ ಹೋಗಲೇ ಇಲ್ಲ.

ಕಿತ್ತೆ. ಕಂಪ್ಯೂಟರ್ ತಕರಾರಿಲ್ಲದೆ ಎದ್ದಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಿಕ್ಕಪ್ಪನ ಚಪ್ಪಲಿ ಸದ್ದು. ಕಡ್ಡಿಯನ್ನು ಮತ್ತೆ ಸಿಕ್ಕಿಸಿ ಹಾಡು ಹಚ್ಚಿದೆ. ಮನೆಯೆಲ್ಲ ಮೇಲೆ ಬಂತು.

“ನೋಡ್ರಿ, ಶಿವನ ಹೆಸರು ಬಿದ್ದ ಕೂಡ್ಲೆ ಎದ್ದು ಕುಂತೈತಿ,” ಎಂದ ಚಿಕ್ಕಪ್ಪ, ತಾನೇ ರಿಪೇರಿ ಮಾಡಿದವನಂತೆ.

ಶಿವನ ಹೆಸರನ್ನು ಕಿತ್ತ ಮೇಲೆ ಎದ್ದದ್ದು ಎಂದು ತಿದ್ದಬಹುದಿತ್ತು. ವಿಜ್ಞಾನ ಓದಿದವಳ ಕರ್ತವ್ಯವೂ ಅದೇ. ಆದರೆ ಅಜ್ಜಿ ಆಗಲೇ ತೀರ್ಪು ಕೊಡುತ್ತಿದ್ದಳು: “ದೇವರ ದನಿ ಬಂದ ಜಾಗ ಇದು. ಇಲ್ಲಿ ಇನ್ನ ಗಂಟು-ಗಿಂಟು ತರಬ್ಯಾಡ್ರಿ.” ನಾನು ವಾಲ್ಯೂಮ್ ಸ್ವಲ್ಪ ಏರಿಸಿದೆ.

“ನಾಳಿಂದ ದಿನಾ ಮುಂಜಾನಿ ನಾನೂ ಇಲ್ಲೇ ಕುಂತು ಕೇಳ್ತೀನಿ,” ಎಂದಳು ಅಜ್ಜಿ. ಅತ್ತೆ, ತಾನಿರುವಷ್ಟು ದಿನ ತಾನೂ ಬರುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ಬೂಟ್ ಕ್ರಮದಲ್ಲಿ ಡಿಸ್ಕನ್ನು ಮುಂದಕ್ಕೆ ತಂದೆ. ಹಾಡುಗಳನ್ನೆಲ್ಲ ಅಜ್ಜಿಯ ಫೋನಿಗೆ ಹಾಕಿಕೊಟ್ಟೆ. ಬಜಾರು ತೆರೆದ ಮೇಲೆ ಹೋಗಿ ಕೋಣೆಯ ಬಾಗಿಲಿಗೆ ಒಂದು ಒಳಚಿಲಕ ತಂದೆ.